ಕಡ್ತಲೆ ಗುರುತಿನ ದುಡ್ಡು

ಆ ಹೆಂಗಸು ಅಡವಿಡಲು ತಂದದ್ದು ಒಂದು ಜೊತೆ ಬಳೆ ಮಾತ್ರ. ಬಟ್ಟೆಯ ಗಂಟು ಬಿಚ್ಚುವಾಗ ಬಳೆಯ ಜೊತೆಗೆ ಒಂದು ತಾಮ್ರದ ದುಡ್ಡೂ ಹೊರಗೆ ಬಂದು, ಮೇಜಿನ ಮೇಲೆ ಉರುಳಿ, ನನ್ನ ಒರೆಗಲ್ಲಿಗೆ ತಾಗಿ ನಿಂತಿತು. ನಾನು ಕೈ ಚಾಚುವ ಮೊದಲೇ ಆಕೆ ಅದರ ಮೇಲೆ ಅಂಗೈ ಇಟ್ಟರು.

“ಅದು ಅಡವಿಗೆ ಅಲ್ಲ ಆಚಾರ್ರೇ. ಅದು ದೈವದ್ದು.”

ಬೆಳ್ತಂಗಡಿಯ ಒಂದು ಸಹಕಾರಿ ಸಂಘದಲ್ಲಿ ಅಡವಿಗೆ ಬಂದ ಚಿನ್ನವನ್ನು ಒರೆಗೆ ಹಚ್ಚಿ ನೋಡುವುದು ನನ್ನ ಕೆಲಸ. ಬಂಟ್ವಾಳದ ಮನೆಯಿಂದ ಬಸ್ಸು ಹಿಡಿದು ಹೋಗುತ್ತೇನೆ, ದಿನವಿಡೀ ಬೇರೆಯವರ ಒಡವೆ ತಿಕ್ಕುತ್ತೇನೆ, ಮನೆಗೆ ಬಂದು ನನ್ನ ಹಳೆಯ ನಾಣ್ಯಗಳನ್ನು ನೋಡುತ್ತಾ ಕೂರುತ್ತೇನೆ. ಅದರಲ್ಲೂ ನನಗಿದ್ದ ಹುಚ್ಚು ಒಂದೇ ಬಗೆಯದು: ಮೇಲ್ಮುದ್ರೆಯ ನಾಣ್ಯ. ಅಂದರೆ ಟಂಕಸಾಲೆಯಿಂದ ಹೊರಬಿದ್ದು ಕೈಯಿಂದ ಕೈಗೆ ದಾಟುತ್ತಿದ್ದ ನಾಣ್ಯದ ಮೇಲೆ, ಆಮೇಲೆ ಇನ್ಯಾರೋ ಒಬ್ಬರು ತಮ್ಮದೊಂದು ಸಣ್ಣ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಹೊಡೆದದ್ದು. ಹೊಸದಾಗಿ ಆಳಲು ಬಂದವರು ಹೊಡೆದದ್ದುಂಟು, ಬೆಳ್ಳಿ ಶುದ್ಧ ಉಂಟೋ ಇಲ್ಲವೋ ಎಂದು ಪರೀಕ್ಷಿಸಿ ಸರಾಫರು ಹೊಡೆದದ್ದುಂಟು. ಒಂದು ನಾಣ್ಯಕ್ಕೆ ಇಬ್ಬರು ಯಜಮಾನರು. ಚಂದದ ನಾಣ್ಯ ಹುಡುಕುವವರು ಇಂಥದ್ದನ್ನು ಮೂಗು ಮುರಿದು ಬದಿಗಿಡುತ್ತಾರೆ, ನಾನು ಅದನ್ನೇ ಹೆಕ್ಕುತ್ತೇನೆ.

ಮುಟ್ಟುವುದಿಲ್ಲ, ನೋಡುತ್ತೇನೆ ಅಷ್ಟೇ ಎಂದು ಕೇಳಿಕೊಂಡೆ. ಆಕೆ ಒಪ್ಪಿ ದುಡ್ಡನ್ನು ಅಂಗೈಯಲ್ಲಿಟ್ಟು ಕೈ ಮುಂದೆ ಮಾಡಿದರು. ನಾನು ಕಣ್ಣಿಗೆ ಲೆನ್ಸ್ ಸಿಕ್ಕಿಸಿ ಬಗ್ಗಿದೆ. ಮೈಸೂರು ಕಡೆಯ ಹಳೆಯ ಆನೆ ಛಾಪಿನ ದುಡ್ಡು. ಆನೆ ಸವೆದು ಸವೆದು ಬೆನ್ನು ಮತ್ತು ಸೊಂಡಿಲು ಮಾತ್ರ ಉಳಿದಿತ್ತು. ಅದರ ಹೊಟ್ಟೆಯ ಮೇಲೆ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ವೃತ್ತದೊಳಗೆ, ಒಂದು ಕಡ್ತಲೆ ಇತ್ತು. ದೈವವು ಕೈಯಲ್ಲಿ ಹಿಡಿಯುವ, ತುದಿ ಬಾಗಿದ ಕತ್ತಿ. ಇಷ್ಟು ವರ್ಷಗಳಲ್ಲಿ ಅಂಥ ಗುರುತನ್ನು ನಾನು ಪುಸ್ತಕದಲ್ಲೂ ಕಂಡಿರಲಿಲ್ಲ.

ಆಕೆಯ ಮನೆ ನೆರಿಯದಲ್ಲಿ. ದುಡ್ಡು ಬಂದದ್ದು ಅಜ್ಜಿಯ ಕಡೆಯಿಂದ. ಅಜ್ಜಿ ಸಿದ್ಧಕಟ್ಟೆಯ ಹತ್ತಿರದ ಒಂದು ಗುತ್ತಿನ ಮನೆಯವರು, ಎಂದರೆ ಊರಿನ ದೈವದ ಉಸ್ತುವಾರಿ ಇರುವ ಮನೆತನದವರು. ಮದುವೆಯಾಗಿ ಘಟ್ಟದ ಬುಡಕ್ಕೆ ಹೊರಟ ಹುಡುಗಿಗೆ ರಕ್ಷೆಗೆ ಎಂದು ಅಲ್ಲಿನ ಹಿರಿಯರು ದೈವದ ಭಂಡಾರದಿಂದ ತೆಗೆದು ಕೊಟ್ಟದ್ದಂತೆ. “ಅಲ್ಲಿ ಇನ್ನೂ ಉಂಟಂತೆ ಇಂಥದ್ದು,” ಎಂದರು ಆಕೆ. ಆ ದಿನ ಬಳೆಯ ತೂಕವನ್ನು ನಾನು ಎರಡೆರಡು ಸಲ ಬರೆದು ಕಾಟು ಹೊಡೆದೆ. ಮನಸ್ಸು ಆಗಲೇ ಸಿದ್ಧಕಟ್ಟೆಯಲ್ಲಿತ್ತು.

ಸಂಜೆಯೇ ಮೂಡಬಿದ್ರೆಗೆ ಫೋನು ಮಾಡಿದೆ, ಡ್ರಾಯಿಂಗ್ ಮಾಸ್ಟ್ರಿಗೆ. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು ಅವರು. ನಾಣ್ಯ ಓದುವುದನ್ನು ನನಗೆ ಕಲಿಸಿದವರೂ ಅವರೇ. ಬಂಟ್ವಾಳದ ಒಂದು ಪಾತ್ರೆ ಅಂಗಡಿಯಲ್ಲಿ ಗುಜರಿ ತಾಮ್ರದ ರಾಶಿ ಕೆದಕುತ್ತಿದ್ದಾಗ ನಮಗೆ ಪರಿಚಯವಾದದ್ದು. ನನಗೆ ಲೋಹ ಗೊತ್ತಿತ್ತು, ಅವರಿಗೆ ಅಕ್ಷರ ಮತ್ತು ಆಕಾರ ಗೊತ್ತಿತ್ತು. ನಾನು ಬರೆದ ನಾಲ್ಕೈದು ಲೇಖನಗಳಿಗೂ ರೇಖಾಚಿತ್ರ ಅವರದೇ. ನನ್ನ ಮಗಳ ಮದುವೆಯಲ್ಲಿ ಬಂದವರಿಗೆ ಬಡಿಸಲು ಸೊಂಟಕ್ಕೆ ಬೈರಾಸು ಕಟ್ಟಿ ನಿಂತವರು. ಅಂಥವರಿಗಲ್ಲದೆ ಇನ್ನಾರಿಗೆ ಹೇಳಬೇಕಿತ್ತು ನಾನು?

“ಕಡ್ತಲೆಯಾ?” ಎಂದರು. “ಆಚಾರ್ರೇ, ನಾಳೆಯೇ ಹೋಗುವ.”

ನಾಳೆ ಆಗಲಿಲ್ಲ. ಗುತ್ತಿನ ಯಜಮಾನರು ನಮ್ಮನ್ನು ಮೊದಲ ಸಲ ಜಗಲಿಯಲ್ಲೇ ಕೂರಿಸಿ ಬೆಲ್ಲ ನೀರು ಕೊಟ್ಟು ಕಳುಹಿಸಿದರು. ಎರಡನೆಯ ಸಲ ಊಟ ಹಾಕಿದರು, ದುಡ್ಡಿನ ಮಾತು ತೆಗೆಯಲು ಬಿಡಲಿಲ್ಲ. ಮೂರನೆಯ ಸಲ ಹೋದಾಗ ಅವರೇ ಕೇಳಿದರು: “ಬರೆದಿಟ್ಟರೆ ಎಂತ ಪ್ರಯೋಜನ ನಿಮಗೆ?” ನಮ್ಮ ಸೀಮೆಯಲ್ಲಿ ಇಂಥ ಒಂದು ಕ್ರಮ ಇತ್ತು ಎಂದು ಹೊರಗಿನವರಿಗೆ ಗೊತ್ತಾಗುತ್ತದೆ ಎಂದೆ. ಅವರು ತಲೆ ಆಡಿಸಿದರು. “ನಮ್ಮ ಮಕ್ಕಳಿಗೇ ಗೊತ್ತಿಲ್ಲ ಮಾರಾಯ್ರೆ. ಅವರಿಗೆ ಗೊತ್ತಾಗ್ಲಿ ಮೊದ್ಲು.”

ಸಂಕ್ರಮಣದ ದಿನ ಬರಲು ಹೇಳಿದರು. ಚಾವಡಿಯಲ್ಲಿ ದೀಪ ಹಚ್ಚಿ, ದೈವದ ಉಯ್ಯಾಲೆಯ ಮುಂದೆ ನಿಂತು ತುಳುವಿನಲ್ಲಿ ಪ್ರಾರ್ಥಿಸಿ, ಒಳಗಿನ ಪೆಟ್ಟಿಗೆಯಿಂದ ಕೆಂಪು ಬಟ್ಟೆಯ ಒಂದು ಗಂಟು ತಂದರು. ಒಳಗೆ ಏಳು ದುಡ್ಡು. ಏಳರಲ್ಲೂ ಕಡ್ತಲೆ. ಫೋಟೊ ಇಲ್ಲಿ ತೆಗೆಯುವ ಹಾಗಿಲ್ಲ, ಅರಗಿಗೋ ಮೇಣಕ್ಕೋ ಒತ್ತಿ ಪಡಿಯಚ್ಚು ತೆಗೆಯುವ ಹಾಗಿಲ್ಲ, ಬೇರೆ ಏನು ಬೇಕಾದರೂ ನೋಡಿ ಎಂದರು. ಮನೆಗೆ ಒಯ್ಯಬೇಕಾಗುತ್ತದೆ ಎಂದು ನಾನು ಹೇಳಿದೆ. ಅವರು ಬಹಳ ಹೊತ್ತು ಉಯ್ಯಾಲೆಯ ಕಡೆ ನೋಡಿದರು. ಆಮೇಲೆ ಗಂಟನ್ನು ನನ್ನ ಎರಡೂ ಕೈಗೆ ಹಾಕಿದರು.

“ಇದು ಹೊಸಿಲು ದಾಟಿದ್ದು ನಾನು ಕಂಡ ಹಾಗೆ ಇದೇ ಮೊದ್ಲು. ನಿಮ್ಮ ಕೈಗೆ ಕೊಟ್ಟದ್ದು ಆಚಾರ್ರೇ.”

ಅಲ್ಲಿಂದ ಮುಂದಿನ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು. ಕೆಲಸದಿಂದ ಬಂದು ಕೈಕಾಲು ತೊಳೆದು ಕಿಟಕಿಯ ಹತ್ತಿರ ಕೂತರೆ ಬೆಳಕು ಹೋಗುವ ತನಕ ಏಳುತ್ತಿರಲಿಲ್ಲ. ಮೊದಲು ತೂಕ. ಆಮೇಲೆ ಅಡ್ಡಳತೆ. ಆಮೇಲೆ ನಾಣ್ಯದ ಬೆನ್ನು ನೋಡುವುದು, ಏಕೆಂದರೆ ಮುಂದಿನಿಂದ ಸುತ್ತಿಗೆ ಬಿದ್ದರೆ ಹಿಂದೆ ಅದೇ ಜಾಗ ಚಪ್ಪಟೆಯಾಗಲೇಬೇಕು. ಏಳೂ ದುಡ್ಡು ಬೇರೆಬೇರೆ ಕಾಲದವು. ಆರು ಆನೆಯವು, ಒಂದು ಕಂಪನಿಯವರ ತಕ್ಕಡಿ ಗುರುತಿನದು. ಮುದ್ರೆ ಮಾತ್ರ ಒಂದೇ ಅಚ್ಚಿನದು. ಅದು ಗೊತ್ತಾದದ್ದು ಒಂದು ದೋಷದಿಂದ. ಅಚ್ಚು ಕೊರೆದವನ ಉಳಿ ಜಾರಿ ಕಡ್ತಲೆಯ ಹಿಡಿ ಸೊಟ್ಟಗಾಗಿತ್ತು, ಎಡಕ್ಕೆ ವಾಲಿತ್ತು. ಏಳರಲ್ಲೂ ಅದೇ ಸೊಟ್ಟ. ನೆರಿಯದ್ದನ್ನು ಸೇರಿಸಿದರೆ ಎಂಟರಲ್ಲೂ.

ಇನ್ನೊಂದು ವಿಷಯ ಬೆರಳಿಗೆ ಗೊತ್ತಾಯಿತು. ಹಳೆಯ ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿರುತ್ತದೆ, ಸಂಗ್ರಾಹಕರಿಗೆ ಅದೇ ಪ್ರಾಯದ ಸಾಕ್ಷಿ. ಇವುಗಳಲ್ಲಿ ಕಿಲುಬೇ ಇಲ್ಲ. ವರ್ಷಕ್ಕೊಮ್ಮೆ ದೈವಕ್ಕೆ ನಡೆಸುವ ನೇಮದ ಮೊದಲು ಭಂಡಾರದ ಎಲ್ಲ ಸಾಮಾನನ್ನೂ ಹುಣಸೆ ಹುಳಿ ಮತ್ತು ಬೂದಿ ಹಾಕಿ ತಿಕ್ಕುವುದು ಆ ಮನೆಯ ಕ್ರಮ. ತಲೆಮಾರುಗಳಿಂದ ಪ್ರತಿವರ್ಷ ತಿಕ್ಕಿಸಿಕೊಂಡ ಮುದ್ರೆಯ ಅಂಚು ಎಷ್ಟು ನುಣುಪಾಗಿತ್ತೆಂದರೆ ಉಗುರು ಎಳೆದರೂ ತಡೆಯುತ್ತಿರಲಿಲ್ಲ.

ನನ್ನ ವಾದವೂ ಆ ದಿನಗಳಲ್ಲೇ ಮೂಡಿತು. ಬೇರೆ ಎಲ್ಲ ಕಡೆ ಮೇಲ್ಮುದ್ರೆ ಹೊಡೆಯುವುದು ಈ ನಾಣ್ಯ ನಡೆಯುತ್ತದೆ ಎಂದು ಹೇಳಲು. ಇಲ್ಲಿ ಹೊಡೆದದ್ದು ಇನ್ನು ನಡೆಯುವುದಿಲ್ಲ ಎಂದು ಹೇಳಲು. ಕಾಣಿಕೆಯಾಗಿ ಬಂದ ದುಡ್ಡಿಗೆ ಕಡ್ತಲೆ ಬಿತ್ತೆಂದರೆ ಮುಗಿಯಿತು, ಮತ್ತೆ ಅದನ್ನು ಕೊಟ್ಟು ಯಾವ ಅಂಗಡಿಯಲ್ಲೂ ಉಪ್ಪು ತರುವಂತಿಲ್ಲ, ಯಾವ ಅಂಗಡಿಯವನೂ ಅದನ್ನು ಮುಟ್ಟಲಾರ. ಸಂತೆಯಿಂದ ದುಡ್ಡನ್ನು ಬಿಡಿಸಿಕೊಳ್ಳಲು ಹೊಡೆದ ಮುದ್ರೆ. ಹೀಗೊಂದು ಇದ್ದಿರಬಹುದು ಎಂದು ಯಾರೂ ಬರೆದದ್ದು ನಾನು ಓದಿಲ್ಲ. ಹೇಳಿಕೊಳ್ಳಲು ನಾಚಿಕೆಯಿಲ್ಲ, ನನಗೆ ಕುಣಿಯುವಷ್ಟು ಖುಷಿಯಾಗಿತ್ತು. ಅಡವಿನ ಚಿನ್ನ ತಿಕ್ಕುವವನೂ ಒಂದು ಹೊಸ ಮಾತು ಹೇಳಬಲ್ಲ ಎಂದು ತೋರಿಸುವ ಆಸೆ ನನಗಿತ್ತು.

ಮಾಸ್ಟ್ರು ಕೇಳಿಸಿಕೊಂಡು ಎದ್ದು ಬಂದು ನನ್ನ ಬೆನ್ನು ತಟ್ಟಿದರು. “ಇದು ಬೇರೆಯೇ ಲೆವೆಲ್ ಆಯ್ತು ಆಚಾರ್ರೇ. ಚಿತ್ರ ಚಂದ ಬರ್ಬೇಕು ಇದಕ್ಕೆ. ಕೊಡಿ, ಮನೆಯಲ್ಲಿ ಕೂತು ಬಿಡಿಸ್ತೇನೆ, ಫೋಟೊನೂ ತೆಗೀತೇನೆ.” ಅವರಲ್ಲಿ ಒಳ್ಳೆಯ ಕ್ಯಾಮರಾ ಇತ್ತು. ಅದಿರುವಾಗ ನನ್ನ ಮೊಬೈಲಿನಲ್ಲಿ ಯಾಕೆ ತೆಗೆಯಬೇಕು ಎಂದು ನಾನು ಒಂದು ಫೋಟೊವನ್ನೂ ತೆಗೆದಿರಲಿಲ್ಲ. ಗಂಟನ್ನು ಅವರ ಕೈಗೆ ಕೊಟ್ಟೆ.

ವಾಪಸು ಬರಲು ತಡವಾಯಿತು. ಮೋಡ, ಬೆಳಕು ಸಾಲದು ಎಂದರು. ಲೆನ್ಸಿನೊಳಗೆ ಫಂಗಸ್ ಎಂದರು. ಆಮೇಲೆ ಜ್ವರ. ಯಜಮಾನರಿಗೆ ಹೇಳಿದ ದಿನ ಹತ್ತಿರ ಬಂದಾಗ, “ನೇರ ಸಿದ್ಧಕಟ್ಟೆಗೇ ತರ್ತೇನೆ, ನೀವು ಅಲ್ಲಿಗೇ ಬನ್ನಿ” ಎಂದರು. ನಾನು ಬಸ್ಸಿಳಿದಾಗ ಅವರು ಸ್ಕೂಟರಿಗೆ ಒರಗಿ ನಿಂತಿದ್ದರು. ಅಂಗಿಯ ಕಿಸೆಯಿಂದ ಗಂಟು ತೆಗೆದು ಕೊಟ್ಟರು. ಬಿಚ್ಚಿ ನೋಡಿದೆ. ಆರು ಆನೆ, ಒಂದು ತಕ್ಕಡಿ, ಏಳು ಕತ್ತಿ. ಮತ್ತೆ ಕಟ್ಟಿದೆ. ಸಂಘದಲ್ಲಿ ಯಾರ ಸರ ಬಂದರೂ, ನನ್ನ ಸ್ವಂತ ಅತ್ತೆಯ ಸರವೇ ಬಂದರೂ, ತೂಗದೆ ಪೆಟ್ಟಿಗೆಗೆ ಹಾಕುವವನಲ್ಲ ನಾನು. ಆ ದಿನ ನನ್ನ ತಕ್ಕಡಿ ಬಂಟ್ವಾಳದಲ್ಲಿತ್ತು, ಮಾಸ್ಟ್ರು ಎದುರಿಗಿದ್ದರು. ಅವರೆದುರು ಕಣ್ಣಿಗೆ ಲೆನ್ಸ್ ಸಿಕ್ಕಿಸುವುದು ಹೇಗೆ? ಯಜಮಾನರ ಕೈಗೆ ಗಂಟು ಒಪ್ಪಿಸಿ, ಊಟ ಮಾಡಿ, ಇಬ್ಬರೂ ಅದೇ ಸ್ಕೂಟರಿನಲ್ಲಿ ವಾಪಸು ಬಂದೆವು.

ಚಿತ್ರಗಳು ಅಂಚೆಯಲ್ಲಿ ಬಂದವು. ಬಹಳ ಚಂದ ಇದ್ದವು. ಕಡ್ತಲೆಯ ಹಿಡಿ ಮಾತ್ರ ನೆಟ್ಟಗಿತ್ತು. ಫೋನಿನಲ್ಲಿ ಸಣ್ಣ ಜಗಳವಾಯಿತು.

“ಹಿಡಿ ಸೊಟ್ಟ ಉಂಟಲ್ಲ ಮಾಸ್ಟ್ರೇ, ನೀವು ನೇರ ಮಾಡಿದ್ದೀರಿ.”

“ಅದು ಹೊಡೆದವನ ಕೈ ತಪ್ಪಿದ್ದು.”

“ಏಳು ಸಲ ಒಂದೇ ರೀತಿ ತಪ್ತದಾ? ಅದು ಅಚ್ಚಿನದ್ದೇ ಸೊಟ್ಟ. ನನ್ನ ವಾದ ನಿಂತದ್ದೇ ಅದರ ಮೇಲೆ.”

“ಆಯ್ತು ಮಾರಾಯ್ರೆ, ತಿದ್ದಿ ಕೊಡ್ತೇನೆ. ಓದುವವರ ಕಣ್ಣಿಗೆ ಚಂದ ಕಾಣ್ಲಿ ಅಂತ.”

ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಮಕ್ಕಳ ಸೊಟ್ಟ ಗೆರೆ ತಿದ್ದಿದ ಕೈ. ಕೊಂಕು ಕಂಡರೆ ಅದಕ್ಕೆ ತಡೆಯುವುದಿಲ್ಲ ಎಂದು ನಾನೇ ನಕ್ಕು ಸುಮ್ಮನಾದೆ.

ಮೂಡಬಿದ್ರೆಯಲ್ಲಿ ಸಂಗ್ರಾಹಕರ ಒಂದು ಕೂಟದಲ್ಲಿ ಲೇಖನ ಓದುವುದೆಂದು ನಿಶ್ಚಯವಾಯಿತು. ಆ ಏರ್ಪಾಡನ್ನೂ ಮಾಸ್ಟ್ರೇ ಮಾಡಿಸಿದ್ದು. ಅದಕ್ಕೆ ಮೊದಲು ಗುತ್ತಿನ ಮನೆಯಲ್ಲಿ ನೇಮವಿತ್ತು. ಭಂಡಾರ ತಿಕ್ಕುವ ದಿನ ಬನ್ನಿ, ನಿಮಗೆ ಬರೆಯಲಿಕ್ಕೆ ಆಗ್ತದೆ ಎಂದು ಯಜಮಾನರೇ ಕರೆದರು.

ಬೆಳಿಗ್ಗೆಯೇ ಹೋದೆ. ಅಂಗಳದಲ್ಲಿ ಬಾಳೆಲೆ ಹಾಸಿ ಗಂಟೆ, ಕಡ್ತಲೆ, ದೀಪಗಳನ್ನು ಸಾಲಾಗಿ ಇಟ್ಟಿದ್ದರು. ಮನೆಯ ಗಂಡಸರು ಸ್ನಾನ ಮಾಡಿ ಒದ್ದೆ ವಸ್ತ್ರದಲ್ಲಿ ಕೂತು ಹುಳಿ ಕಿವುಚುತ್ತಿದ್ದರು. ಏಳು ದುಡ್ಡು ತಿಕ್ಕುತ್ತಿದ್ದದ್ದು ಯಜಮಾನರ ಅಳಿಯ, ತಂಗಿಯ ಮಗ. ಬಾಯಿ ತುಂಬ ಮಾತಿನ ಮನುಷ್ಯ. ಒಂದು ದುಡ್ಡನ್ನು ತಿಕ್ಕಿ ತೊಳೆದು ಎಲೆಯ ಮೇಲಿಟ್ಟರು. ಮತ್ತೆ ಎತ್ತಿಕೊಂಡು ಉಗುರಿನಿಂದ ಏನನ್ನೋ ಕಿತ್ತರು. ಇನ್ನೊಂದನ್ನು ತಿಕ್ಕಿದರು, ಅದರಲ್ಲೂ ಕಿತ್ತರು.

“ಈ ಸರ್ತಿ ಹುಳಿ ಸರಿ ಇಲ್ಲ ಮಾವ. ಬರೀ ನಾರು. ಕತ್ತಿಯ ಬುಡದಲ್ಲಿ ಸಿಕ್ಕಿಕೊಳ್ತದೆ.”

ಎಲ್ಲರೂ ಹುಳಿಯನ್ನು ಬೈದರು. ನಾನು ಮಾತ್ರ ಬರೆಯುವುದನ್ನು ನಿಲ್ಲಿಸಿದೆ. ನುಣುಪು ತಾಮ್ರದಲ್ಲಿ ನಾರು ಸಿಕ್ಕಿಕೊಳ್ಳುವುದಿಲ್ಲ. ನಾರು ಸಿಕ್ಕಿಕೊಳ್ಳಬೇಕಾದರೆ ಅಂಚು ಬೇಕು, ಅಂಚು ಇರಬೇಕಾದರೆ ಮುದ್ರೆ ಹೊಸದಾಗಿರಬೇಕು. ನೋಡಬಹುದಾ ಎಂದು ಕೇಳಿ ಬಗ್ಗಿ ಕೂತು ಲೆನ್ಸ್ ಹಾಕಿದೆ. ಅಚ್ಚು ಇಳಿದ ಜಾಗದ ಸುತ್ತ ತಾಮ್ರ ಸಣ್ಣಗೆ ಮೇಲಕ್ಕೆ ಎದ್ದು ನಿಂತಿತ್ತು. ಅದರೊಳಗೆ ಹುಣಸೆಯ ಒಂದು ನಾರು. ಕಡ್ತಲೆಯ ಹಿಡಿ ನೆಟ್ಟಗಿತ್ತು.

ಎರಡನೆಯದು ನೋಡಿದೆ, ನೆಟ್ಟಗೆ. ಮೂರನೆಯದೂ ನೆಟ್ಟಗೆ. ನಾಲ್ಕನೆಯದನ್ನು ಎತ್ತಿಕೊಳ್ಳಲು ನನಗಾಗಲಿಲ್ಲ. ಮಾಸ್ಟ್ರು ಕಾಗದದ ಮೇಲೆ ತಿದ್ದಿದ ಗೆರೆ ಅಲ್ಲಿ ತಾಮ್ರದ ಮೇಲೆ ಕೂತಿತ್ತು. ಗುಜರಿಯಲ್ಲಿ ಸಿಗುವ ಅಂಥದೇ ಹಳೆಯ ದುಡ್ಡಿನ ಮೇಲೆ ಅವರೇ ಹೊಸ ಅಚ್ಚು ಹೊಡೆದಿದ್ದರು, ಆದರೆ ಸೊಟ್ಟವನ್ನು ಸೊಟ್ಟವಾಗಿ ಕೊರೆಯಲು ಕೈ ಬಂದಿರಲಿಲ್ಲ ಅವರಿಗೆ. ನಾನು ಫೋನಿನಲ್ಲಿ ಜಗಳವಾಡುವ ಮೊದಲೇ ಅಚ್ಚು ಕೊರೆದಾಗಿತ್ತು.

“ಎಂತ ಆಚಾರ್ರೇ, ಬೆವರ್ತಿದ್ದೀರಿ?” ಎಂದರು ಯಜಮಾನರು. ಬಿಸಿಲು ಎಂದೆ. ಸುಳ್ಳು ಹೇಳಿದ್ದಕ್ಕೆ ನನಗೇ ಹೇಸಿಗೆಯಾಯಿತು. ಆದರೆ ಖಚಿತ ಮಾಡಿಕೊಳ್ಳದೆ ಅಂಥ ಮಾತನ್ನು ಆ ಅಂಗಳದಲ್ಲಿ ಆಡುವುದು ಹೇಗೆ?

ಮರುದಿನ ರಜೆ ಹಾಕಿ ನೆರಿಯಕ್ಕೆ ಹೋದೆ. ಬೆಳ್ತಂಗಡಿಯಿಂದ ಬಸ್ಸು ಬದಲಿಸಿ, ಉಳಿದ ದಾರಿ ಜೀಪಿನಲ್ಲಿ. ಆ ಹೆಂಗಸಿನ ಕೈಯಲ್ಲಿ ಉಳಿದಿದ್ದ ಒಂದು ದುಡ್ಡು ಈಗ ನನ್ನ ಕೊನೆಯ ಅಳತೆಗೋಲು. ಆಕೆ ರಬ್ಬರು ಶೀಟು ಒಣಗಿಸುತ್ತಿದ್ದರು. ಏನೂ ಕೇಳದೆ ಕೈ ತೊಳೆದು ಬಂದು ದುಡ್ಡನ್ನು ಮೊದಲಿನ ಹಾಗೆಯೇ ಅಂಗೈಯಲ್ಲಿಟ್ಟು ಹಿಡಿದರು. ಹಿಡಿ ಎಡಕ್ಕೆ ವಾಲಿತ್ತು. ಅಂಚು ನುಣುಪು. ನಾನು ಬಹಳ ಹೊತ್ತು ಅದನ್ನೇ ನೋಡಿದೆ, ಏಕೆಂದರೆ ತಲೆ ಎತ್ತಿದರೆ ಮಾಸ್ಟ್ರನ್ನು ಕಳ್ಳ ಎಂದು ಒಪ್ಪಿಕೊಳ್ಳಬೇಕಾಗಿತ್ತು. ಇದನ್ನು ಒಂದು ಸಲ ಸಿದ್ಧಕಟ್ಟೆಗೆ ತರಬಹುದೇ ಎಂದು ಕೇಳಿದೆ. ಆಕೆ ತಲೆ ಅಲ್ಲಾಡಿಸಿದರು. “ಕೊಟ್ಟ ಮನೆಗೆ ಇದು ತಿರುಗಿ ಹೋಗುವ ಹಾಗಿಲ್ಲ. ಹೋದ್ರೆ ರಕ್ಷೆ ಹೋದ ಹಾಗೆ.” ಫೋಟೊ ತೆಗೆಯಲೂ ಆಕೆ ಬಿಡಲಿಲ್ಲ, ನಾನು ಒತ್ತಾಯಿಸಲಿಲ್ಲ.

ಅಲ್ಲಿಂದ ಮನೆಗೆ ಹೋಗಲಿಲ್ಲ, ಮೂಡಬಿದ್ರೆಗೆ ಹೋದೆ. ಮಾಸ್ಟ್ರು ಜಗಲಿಯ ಮೇಜಿನ ಮುಂದೆ ಕೂತು ಯಾರದೋ ಮದುವೆಯ ಕಾಗದಕ್ಕೆ ಅಂಚಿನ ಬಳ್ಳಿ ಬಿಡಿಸುತ್ತಿದ್ದರು. ನನ್ನ ಮುಖ ನೋಡಿದ ಕೂಡಲೇ ಕುಂಚ ಕೆಳಗಿಟ್ಟರು. ಅದೇ ಸಾಕಾಗಿತ್ತು.

“ಹಿಡಿ ನೇರ ಉಂಟು ಮಾಸ್ಟ್ರೇ,” ಎಂದೆ.

“ಕೂತ್ಕೊಳ್ಳಿ. ಚಾ ಮಾಡ್ತೇನೆ.”

“ಏಳೂ ಎಲ್ಲಿ ಉಂಟು?”

ಅವರು ಕೂತರು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ, ಕೈ ಮುಗಿಯಲಿಲ್ಲ. ಕ್ಲಾಸಿನಲ್ಲಿ ಪಾಠ ಅರ್ಥವಾಗದ ಹುಡುಗನಿಗೆ ಬಿಡಿಸಿ ಹೇಳುವ ದನಿಯಲ್ಲಿ ಹೇಳಿದರು: “ನೋಡಿ ಆಚಾರ್ರೇ, ಮಾತಿಗೆ ಹೇಳುದು, ನಾನು ಮಾಡಿದ್ದೇನೆ ಅಂತ ಅಲ್ಲ. ಪೆಟ್ಟಿಗೆಯ ಒಳಗೆ ಕತ್ತಲೆಯಲ್ಲಿ ಕೂತ ತಾಮ್ರ. ವರ್ಷಕ್ಕೆ ಒಂದು ಸಲ ಹುಳಿ ಹಾಕಿ ತಿಕ್ಕಿ ತಿಕ್ಕಿ ಅದನ್ನು ಸಾಯಿಸ್ತಾರೆ. ಇನ್ನು ಐವತ್ತು ವರ್ಷಕ್ಕೆ ಕತ್ತಿಯೂ ಇಲ್ಲ, ಆನೆಯೂ ಇಲ್ಲ. ಅದೇ ಒಳ್ಳೆ ಸಂಗ್ರಹದಲ್ಲಿದ್ರೆ ಉಳೀತದೆ. ದೈವಕ್ಕೆ ಎಂತ, ಏಳು ದುಡ್ಡು ಇದ್ದರಾಯ್ತು. ಉಂಟಲ್ಲ ಏಳು?”

“ಸಂಗ್ರಹ ಯಾರದ್ದು?”

“ನಿಮ್ಮ ಲೇಖನ ಬರ್ಲಿ ಮೊದ್ಲು,” ಎಂದರು. “ನೀವು ಬರೆದರೆ ಅದಕ್ಕೊಂದು ಕುಲ ಗೋತ್ರ ಬರ್ತದೆ. ನಿಮಗೂ ಹೆಸರು.”

ಆಗ ನನಗೆ ಪೂರ್ತಿ ಬೆಳಕಾಯಿತು. ಬೆನ್ನು ತಟ್ಟಿದ್ದು, ಚಿತ್ರ ಬಿಡಿಸಿದ್ದು, ಕೂಟದಲ್ಲಿ ನನಗೊಂದು ಜಾಗ ಕೊಡಿಸಿದ್ದು, ಎಲ್ಲವೂ ಕದ್ದ ಸೊತ್ತಿಗೆ ನನ್ನ ಕೈಯಿಂದ ಜಾತಕ ಬರೆಸಿಕೊಳ್ಳಲು. ನಾನು ಸಂತೆಯಿಂದ ಬಿಡಿಸಿಕೊಂಡ ದುಡ್ಡು ಎಂದು ಬರೆಯುತ್ತಿದ್ದೆ, ಅವರು ಅದನ್ನು ಸಂತೆಗೆ ಒಯ್ಯುತ್ತಿದ್ದರು. ನನಗೆ ಅವರ ಮೇಲೆ ಕೈ ಮಾಡುವಷ್ಟು ಕೋಪ ಬಂದದ್ದು ನಿಜ. ಅದಕ್ಕಿಂತ ಹೆಚ್ಚಾಗಿ ಬಂದದ್ದು ನಾಚಿಕೆ. ಫೋಟೊ ಕೊಡಿ ಎಂದು ಕೇಳಿದೆ. ಮೆಮೊರಿ ಕಾರ್ಡ್ ಹಾಳಾಗಿದೆ ಎಂದರು, ನನ್ನ ಕಣ್ಣು ನೋಡಿಕೊಂಡೇ ಹೇಳಿದರು.

ಸುಮ್ಮನಿರಬಹುದಿತ್ತು. ಅದನ್ನೂ ಯೋಚಿಸಿದೆ, ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಲೇಖನ ಓದಿದರೆ ಚಪ್ಪಾಳೆ, ಗುತ್ತಿನ ಮನೆಯವರಿಗೆ ಏನೂ ಗೊತ್ತಾಗುತ್ತಿರಲಿಲ್ಲ, ಹುಳಿಯ ಮೇಲೆ ಬೈಗುಳ ಬಿದ್ದು ಎಲ್ಲ ಮುಗಿದುಹೋಗಿತ್ತು. ಆದರೆ ಯಜಮಾನರು ಗಂಟು ಹಾಕಿದ್ದು ನನ್ನ ಕೈಗೆ. ಕೂಟದವರಿಗೆ ಫೋನು ಮಾಡಿ ಲೇಖನ ಓದುವುದಿಲ್ಲ ಎಂದೆ. ಕಾರಣ ಕೇಳಿದರು, ನನ್ನ ಅಳತೆ ತಪ್ಪಿದೆ ಎಂದೆ. ಆಮೇಲೆ ಸಿದ್ಧಕಟ್ಟೆಗೆ ಹೋಗಿ, ಚಾವಡಿಯಲ್ಲಿ ನಿಂತುಕೊಂಡೇ, ನಡೆದದ್ದೆಲ್ಲವನ್ನೂ ಯಜಮಾನರಿಗೆ ಹೇಳಿದೆ. ಅವರು ಕೊನೆಗೆ ಲೆನ್ಸ್ ಇಸಕೊಂಡು ಒಂದು ದುಡ್ಡು ನೋಡಿದರು, ನಾನು ಕಾಗದದ ಮೇಲೆ ಬಿಡಿಸಿ ತೋರಿಸಿದ ಸೊಟ್ಟ ಹಿಡಿಯನ್ನು ನೋಡಿದರು.

“ನನಗೆ ಎರಡೂ ಕಡ್ತಲೆಯೇ ಕಾಣ್ತದೆ ಆಚಾರ್ರೇ.”

ಮೊದಲಿನ ತೂಕಗಳನ್ನು ಹೇಳಿದೆ. ತೂಗಿದ್ದು ಯಾರು ಎಂದು ಅಳಿಯ ಕೇಳಿದರು. ನಾನೇ ಎಂದೆ. ಬರೆದದ್ದು? ಅದೂ ನಾನೇ. ಅವರು ಮಾವನ ಮುಖ ನೋಡಿದರು. ಪೊಲೀಸು ಠಾಣೆಯ ಮಾತು ನಾನೇ ತೆಗೆದೆ. ಯಜಮಾನರು ಕೈ ಎತ್ತಿ ತಡೆದರು. “ದೈವದ ಸೊತ್ತಿನ ವಿಷಯ ದೈವದ ಎದುರೇ ಮುಗೀಬೇಕು. ಇಬ್ಬರೂ ಬನ್ನಿ. ಪ್ರಮಾಣ ಆಗ್ಲಿ.”

ನನಗೆ ನಿಜವಾಗಿ ಸಮಾಧಾನವಾಯಿತು. ನಾನು ಅಂಥ ಭಕ್ತನೇನೂ ಅಲ್ಲ. ಆದರೆ ಮಾಸ್ಟ್ರು ನೇಮಕ್ಕೆ ಹೋಗುವ ದಿನ ಮೀನು ಮುಟ್ಟದವರು, ದೈವದ ಕಟ್ಟೆಯ ಎದುರು ಸ್ಕೂಟರು ನಿಧಾನ ಮಾಡಿ ಎದೆ ಮುಟ್ಟಿಕೊಳ್ಳುವವರು. ಅವರು ಬರಲಾರರು, ಬಂದರೂ ನಾಲಗೆ ಏಳದು ಎಂದುಕೊಂಡೆ.

ಅವರು ನನಗಿಂತ ಮೊದಲೇ ಬಂದಿದ್ದರು. ಬಾವಿಕಟ್ಟೆಯಲ್ಲಿ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ, ಮನೆಯ ಹಿರಿಯರ ಜೊತೆ ನಿಂತು ಮಾತಾಡುತ್ತಿದ್ದರು. ನಾನೂ ನೀರು ಹೊಯ್ದುಕೊಂಡೆ. ಚಾವಡಿಯಲ್ಲಿ ದೀಪ ಉರಿಯುತ್ತಿತ್ತು. ಏಳು ದುಡ್ಡನ್ನು ಬಾಳೆಲೆಯ ಮೇಲೆ ಉಯ್ಯಾಲೆಯ ಮುಂದೆ ಇಟ್ಟಿದ್ದರು. ಕುಟುಂಬದವರು ಎರಡೂ ಬದಿಯಲ್ಲಿ ನಿಂತರು. ಯಜಮಾನರು ಹೂವೊಂದನ್ನು ಮಾಸ್ಟ್ರ ಕೈಗೆ ಕೊಟ್ಟು, ಹೇಳಬೇಕಾದ ಮಾತನ್ನು ಹೇಳಿಕೊಟ್ಟರು. ಹಿಂದಿನಿಂದ ಬಂದ ಮಾತು ಅದು, ಒಬ್ಬೊಬ್ಬರಿಗೆ ಒಂದೊಂದು ರೀತಿ ಬದಲಿಸುವ ಹಾಗಿಲ್ಲ: “ಇಲ್ಲಿಂದ ಕೈಗೆ ಬಂದದ್ದನ್ನು ಹಾಗೆಯೇ ಇಲ್ಲಿಗೆ ಒಪ್ಪಿಸಿದ್ದೇನೆ.” ಅಷ್ಟೇ. ತುಳುವಿನಲ್ಲಿ ಅದು ಇನ್ನೂ ಚಿಕ್ಕದು.

ಮಾಸ್ಟ್ರು ಮುಂದೆ ಹೋದರು. ಒಂದಕ್ಷರ ತಡವರಿಸದೆ, ಕ್ಲಾಸಿನಲ್ಲಿ ಓದುವಷ್ಟು ಸ್ಪಷ್ಟವಾಗಿ ಹೇಳಿದರು. ಹೂ ಇಟ್ಟು, ನೆಲ ಮುಟ್ಟಿ ನಮಸ್ಕರಿಸಿ, ಹಿಂದಕ್ಕೆ ಬಂದು ನಿಂತರು. ಆ ಕ್ಷಣದಲ್ಲಿ ನನಗೆ ಅವರ ಮೇಲಿನ ಕೋಪವೂ ಹೋಗಿಬಿಟ್ಟಿತು. ಈ ಮನುಷ್ಯನನ್ನು ನಾನು ಒಂದು ದಿನವೂ ಬಲ್ಲವನಾಗಿರಲಿಲ್ಲ ಎಂಬುದೊಂದೇ ಉಳಿಯಿತು.

“ನೀವು,” ಎಂದರು ಯಜಮಾನರು ನನಗೆ.

ಹೂ ತೆಗೆದುಕೊಂಡು ಮುಂದೆ ಹೋದೆ. ಬಾಯಿ ತೆರೆದೆ. ಆಗಲೇ ತಿಳಿದದ್ದು ನಾನು ಎಂಥ ಕಡೆ ಬಂದು ನಿಂತಿದ್ದೇನೆ ಎಂದು. ಈ ಚಾವಡಿಯಿಂದ ನನ್ನ ಕೈಗೆ ಬಂದದ್ದು ಒಂದು, ನಾನು ಈ ಚಾವಡಿಗೆ ಒಪ್ಪಿಸಿದ್ದು ಇನ್ನೊಂದು. ಅದನ್ನು ಹೇಳಲೆಂದೇ ನಾನು ಬಂದದ್ದು. ಸತ್ಯ ಹೇಳುವವನ ಬಾಯಿಗೆ ಆ ಮಾತು ಬರುವ ಹಾಗೇ ಇರಲಿಲ್ಲ. ಸುಳ್ಳು ಹೇಳುವವನಿಗೆ ಮಾತ್ರ ಅದು ಸರಾಗ. ಮಾಸ್ಟ್ರಿಗೆ ಇದು ಬರುವ ಮೊದಲೇ ಗೊತ್ತಿತ್ತೋ ಏನೋ.

“ಕೈಗೆ ಬಂದದ್ದು ಹೌದು,” ಎಂದೆ. “ಹಾಗೆಯೇ ಒಪ್ಪಿಸಿದ್ದೇನೆ ಅಂತ ಹೇಳ್ಲಿಕ್ಕೆ ಆಗುದಿಲ್ಲ ಯಜಮಾನ್ರೇ. ಇದು ಅದಲ್ಲ.”

“ಮಾತು ಅಷ್ಟೇ ಇರುದು ಆಚಾರ್ರೇ. ಹೇಳ್ತೀರೋ ಇಲ್ವೋ?”

“ಆಗುದಿಲ್ಲ.”

ಯಾರೂ ಕೂಗಾಡಲಿಲ್ಲ. ಹಿಂದೆ ನಿಂತ ಒಬ್ಬರು ಅಕ್ಕಸಾಲಿಗನ ಕೈಗೆ ಕೊಡಲೇಬಾರದಿತ್ತು ಎಂದು ಮೆಲ್ಲಗೆ ಹೇಳಿದರು, ನನಗೆ ಕೇಳಿಸಿತು. ಯಜಮಾನರು ಏಳು ದುಡ್ಡನ್ನೂ ಎತ್ತಿ ಕೆಂಪು ಬಟ್ಟೆಗೆ ಹಾಕಿ ಗಂಟು ಬಿಗಿದರು. ಕಟ್ಟುವಾಗ ಒಂದನ್ನೂ ತಿರುಗಿಸಿ ನೋಡಲಿಲ್ಲ. “ಒಬ್ಬರು ಹೇಳಿದ್ರು. ಒಬ್ಬರಿಗೆ ಹೇಳ್ಲಿಕ್ಕೆ ಆಗ್ಲಿಲ್ಲ. ಇನ್ನು ಇದೇ ದೈವದ ದುಡ್ಡು,” ಎಂದು ಒಳಗೆ ಒಯ್ದು ಪೆಟ್ಟಿಗೆಗೆ ಹಾಕಿದರು. ಬೀಗ ಬಿದ್ದ ಸದ್ದು ಚಾವಡಿಗೆ ಕೇಳಿಸಿತು.

ಹೊರಗೆ ಬಂದು ಬಾಳೆಲೆಯ ಚೂರಿನಲ್ಲಿ ಗಂಧ ಪ್ರಸಾದ ಕೊಟ್ಟರು. ಮಾಸ್ಟ್ರಿಗೆ ಕೊಟ್ಟರು, ಅಳಿಯನಿಗೆ ಕೊಟ್ಟರು, ಸಾಲಿನಲ್ಲಿದ್ದವರಿಗೆಲ್ಲ ಕೊಟ್ಟರು. ನಾನು ಕೈ ಚಾಚಿದ್ದೆ. ನನ್ನ ಮುಂದೆ ಬಂದಾಗ ಅವರ ಕೈ ಒಮ್ಮೆ ನಿಂತಿತು, ಆಮೇಲೆ ನನ್ನನ್ನು ದಾಟಿ ಮುಂದಿನವರ ಕಡೆಗೆ ಹೋಯಿತು.

ಅಂಗಳಕ್ಕಿಳಿದು ಅಂಗಿ ಹಾಕಿಕೊಳ್ಳುತ್ತಿದ್ದೆ. ಮಾಸ್ಟ್ರು ಹತ್ತಿರ ಬಂದರು. ಕ್ಲಾಸಿನ ಅದೇ ಮೃದು ದನಿ. ತಮ್ಮ ಎಲೆಯನ್ನು ಎರಡಾಗಿ ಹರಿದು, ಗಂಧದ ಅರ್ಧವನ್ನು ನನ್ನ ಕಡೆಗೆ ಹಿಡಿದರು.

“ತೆಗೊಳ್ಳಿ ಆಚಾರ್ರೇ. ನನ್ನದರಲ್ಲಿ ಉಂಟು.”

ಚಾವಡಿಯ ಮೆಟ್ಟಿಲ ಮೇಲೆ ನಿಂತವರೆಲ್ಲ ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ಅವರದು ಎಷ್ಟು ದೊಡ್ಡ ಗುಣ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳಿದರು.